ಸಿಂಪಿಗ ಹಕ್ಕಿ ಎಲೆ ಹೊಲಿದಿರುವ ಟೊಂಗೆಯನ್ನು ಯಾವಾಗ ಕತ್ತರಿಸಬಹುದು?

ಅಂಗಳದ ಬಾದಾಮಿ (ಧಾರವಾಡ):

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಸಾಧನಕೇರಿಯ ಹತ್ತಿರವಿದೆ. ಕಾಂಪೌಂಡ್ ಗೋಡೆಗೆ ಹೊಂದಿಕೊಂಡು ತಾನಾಗಿಯೇ ಹುಟ್ಟಿದ ಬಾದಾಮಿ ಗಿಡವೊಂದು ಈಗ ಆಳೆತ್ತರ ಬೆಳೆದು, ಅದರ ಒಂದು ಟೊಂಗೆ ಗೇಟಿನ ದಾರಿಗೆ ಚಾಚಿಕೊಂಡಿದೆ. ಮೃಗಶಿರಾ ಮಳೆ ಹಿಡಿಯುವ ಮುನ್ನ ಅದನ್ನು ಸವರಿಸಬೇಕೆಂದು ಮಾಲಿಯನ್ನು ಕರೆಸಿದ್ದೆವು. ಕೊಡಲಿ ಹಾಕುವ ಮೊದಲು ಅವರೇ ಕೈತೋರಿಸಿ ನಿಲ್ಲಿಸಿದರು. ಸೊಂಟದೆತ್ತರದಲ್ಲಿರುವ ಒಂದು ಅಗಲವಾದ ಎಲೆಯ ಎರಡೂ ಅಂಚುಗಳು ಹಿಂದಕ್ಕೆ ಮಡಚಿ, ಒಂದಕ್ಕೊಂದು ಕೂಡಿ, ಕೆಳಗೆ ಮುಚ್ಚಿದ ಕೊಳವೆಯಾಗಿವೆ. ಅಂಚು ಕೂಡಿದಲ್ಲೆಲ್ಲ ಸಣ್ಣ ಬಿಳಿ ಅರಳೆಯ ಉಂಡೆಗಳು ಕಾಣುತ್ತವೆ. ಎಲೆ ಮಾತ್ರ ಹಚ್ಚಹಸಿರಾಗಿಯೇ ಇದೆ, ಒಂದು ಕಡೆಯೂ ಬಾಡಿಲ್ಲ.

ಇದು ಸಿಂಪಿಗ ಹಕ್ಕಿಯ ಗೂಡೆಂದು ನಮ್ಮ ಊಹೆ. ತಿಳಿದವರಲ್ಲಿ ಎರಡು ಪ್ರಶ್ನೆಗಳಿವೆ. ಟೊಂಗೆ ಕತ್ತರಿಸಲು ಎಷ್ಟು ದಿನ ಕಾಯಬೇಕು? ಅಥವಾ ಗೂಡಿರುವ ಟೊಂಗೆಯನ್ನಷ್ಟೇ ಜೋಪಾನವಾಗಿ ಕತ್ತರಿಸಿ ಹಿತ್ತಲಿನ ಪೇರಲ ಗಿಡಕ್ಕೆ ಕಟ್ಟಿದರೆ ಹಕ್ಕಿ ಅಲ್ಲಿಗೆ ಬರುತ್ತದೆಯೇ? ದಾರಿಗೆ ಅಡ್ಡಿಯಾಗಿರುವುದು ನಿಜ, ಆದರೆ ಗೂಡು ಕೆಡಿಸುವ ಮನಸ್ಸು ಮನೆಯಲ್ಲಿ ಯಾರಿಗೂ ಇಲ್ಲ.

ಉಣಕಲ್ ದಂಡೆ (ಹುಬ್ಬಳ್ಳಿ):

ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅದರಲ್ಲಿ ಅವಸರವಿದೆ. ದಯವಿಟ್ಟು ಟೊಂಗೆಯನ್ನು ಕತ್ತರಿಸಿ ಬೇರೆಡೆ ಕಟ್ಟಬೇಡಿ. ಗುಬ್ಬಿಯ ಗೂಡಾದರೆ ಒಣಹುಲ್ಲಿನದು, ಗೀಜಗನದಾದರೆ ಹಸಿ ಎಳೆಗಳಿಂದ ನೇಯ್ದು ಆಮೇಲೆ ಒಣಗಿದರೂ ಗಟ್ಟಿಯಾಗಿ ನಿಲ್ಲುವಂಥದು. ಸಿಂಪಿಗನ ಗೂಡಿನ ಗೋಡೆ ಎಂದರೆ ಗಿಡಕ್ಕೆ ಅಂಟಿಕೊಂಡು ನೀರು ಹೀರುತ್ತಿರುವ ಜೀವಂತ ಎಲೆ. ಟೊಂಗೆ ಗಿಡದಿಂದ ಬೇರೆಯಾದ ಒಂದೆರಡು ದಿನಗಳಲ್ಲಿ ಎಲೆ ಬಾಡಿ ಸುರುಳಿಗಟ್ಟುತ್ತದೆ, ಹೊಲಿಗೆಯ ತೂತುಗಳು ಹರಿಯುತ್ತವೆ, ಒಳಗಿನ ಮೆತ್ತೆ ಜಾರುತ್ತದೆ. ಬಣ್ಣ ಬದಲಾದ ಕೂಡಲೇ ಹಸಿರು ಗಿಡದ ನಡುವೆ ಅದು ಎದ್ದು ಕಾಣಿಸಿ, ಬೆಕ್ಕಿಗೂ ಕೆಂಬೂತಕ್ಕೂ ದಾರಿ ತೋರಿಸಿದಂತಾಗುತ್ತದೆ.

ನಿಮ್ಮ ಬರಹದಲ್ಲಿ ನನಗೆ ಬಹಳ ಮುಖ್ಯವೆನಿಸಿದ್ದು ಎಲೆ ಎಲ್ಲಿಯೂ ಬಾಡಿಲ್ಲವೆಂಬ ಮಾತು. ಆ ಹಕ್ಕಿಯ ತೂಕ 6ರಿಂದ 10 ಗ್ರಾಂ ಅಷ್ಟೇ. ಅದರ ಕೊಕ್ಕು ತೆಳುವಾಗಿ, ಉದ್ದವಾಗಿ, ತುದಿಯಲ್ಲಿ ಮಾತ್ರ ತುಸು ಬಾಗಿರುತ್ತದೆ. ಆ ಕೊಕ್ಕಿನಿಂದ ಎಲೆಯಂಚಿಗೆ ಹಾಕುವ ತೂತು ಎಷ್ಟು ಚಿಕ್ಕದೆಂದರೆ ಅದರ ಸುತ್ತಲಿನ ಎಲೆ ಕಂದುಗಟ್ಟುವುದಿಲ್ಲ. ಎಲೆಯ ಹೊಳೆಯುವ ಮೇಲ್ಮೈಯೇ ಹೊರಗೆ ಬರುವಂತೆ ಮಡಚುವುದರಿಂದ, ಎರಡು ಹೆಜ್ಜೆ ದೂರದಿಂದ ನೋಡಿದವರಿಗೂ ಅದು ಗಿಡದ ಇನ್ನೊಂದು ಎಲೆಯಾಗಿಯೇ ಕಾಣುತ್ತದೆ. ಒಂದೇ ಎಲೆ ದೊಡ್ಡದಾಗಿದ್ದರೆ ಅದರ ಎರಡು ಅಂಚುಗಳನ್ನು ಕೂಡಿಸುತ್ತದೆ, ಎಲೆ ಸಣ್ಣದಾಗಿದ್ದರೆ ಎರಡು, ಮೂರು ಅಥವಾ ಅದಕ್ಕೂ ಹೆಚ್ಚು ಎಲೆಗಳನ್ನು ಸೇರಿಸುತ್ತದೆ. ಆ ಎಲೆಚೀಲದೊಳಗೆ ನಾರು, ಅರಳೆ, ಕೂದಲು ಮುಂತಾದವುಗಳಿಂದ ನಿಜವಾದ ಗೂಡನ್ನು ಕಟ್ಟುತ್ತದೆ. ಎಲೆ ಅದಕ್ಕೆ ತೊಟ್ಟಿಲೂ ಹೌದು, ಮರೆಯೂ ಹೌದು.

ಇನ್ನು ಕಾಯುವ ಲೆಕ್ಕ. ಸಾಮಾನ್ಯವಾಗಿ ಮೂರು ಮೊಟ್ಟೆಗಳಿರುತ್ತವೆ. ಕಾವು ಕೊಡುವುದಕ್ಕೆ ಸುಮಾರು 12 ದಿನಗಳು ಬೇಕು, ಮರಿಗಳು ಗೂಡು ಬಿಡಲು ಮತ್ತೆ ಸುಮಾರು 14 ದಿನಗಳು. ಈಗ ಗೂಡು ಯಾವ ಹಂತದಲ್ಲಿದೆಯೆಂದು ಹೊರಗಿನಿಂದ ಗೊತ್ತಾಗದ ಕಾರಣ, ಕಂಡ ದಿನದಿಂದ ಒಂದು ತಿಂಗಳು ಮುಟ್ಟದಿರುವುದು ಕ್ಷೇಮ. ಮರಿಗಳು ಹಾರಿದ ಮೇಲೂ ಕೆಲವು ದಿನ ಅದೇ ಪೊದೆಯ ಸುತ್ತ ತಂದೆತಾಯಿಗಳಿಂದ ಗುಟುಕು ತೆಗೆದುಕೊಳ್ಳುತ್ತಿರುತ್ತವೆ. ಆದ್ದರಿಂದ ಗೂಡು ಖಾಲಿಯಾದ ದಿನವೇ ಕತ್ತರಿ ಹಿಡಿಯದೆ ಒಂದು ವಾರ ತಾಳಿದರೆ ಇನ್ನೂ ಒಳ್ಳೆಯದು.

ಕೇಶ್ವಾಪುರದ ಓದುಗ (ಹುಬ್ಬಳ್ಳಿ):

ಮೇಲಿನವರ ಸಲಹೆಯನ್ನು ಪೂರ್ತಿಯಾಗಿ ಒಪ್ಪುತ್ತೇನೆ. ಆದರೆ ಹೊಲಿದ ಎಲೆ ಕಂಡ ಮಾತ್ರಕ್ಕೆ ಅದು ಸಿಂಪಿಗನದೇ ಎಂದು ತೀರ್ಮಾನಿಸಲಾಗದು. ಬೂದು ಪ್ರಿನಿಯಾ ಎಂಬ ಹಕ್ಕಿ ನಮ್ಮ ಊರುಗಳಲ್ಲಿ ಅಷ್ಟೇ ಸಾಮಾನ್ಯ. ಅದೂ ತಗ್ಗಾದ ಪೊದೆಯಲ್ಲಿ ಎಲೆಗಳನ್ನು ಕೂಡಿಸಿ ಚೀಲದಂಥ ಗೂಡು ಮಾಡುತ್ತದೆ. ಎರಡೂ ಒಂದೇ ಕುಟುಂಬಕ್ಕೆ ಸೇರಿದವು. ಮೊದಲು ಇವುಗಳನ್ನು ಸಿಲ್ವಿಡೇ ಎಂಬ ದೊಡ್ಡ ಗುಂಪಿನಲ್ಲಿ ಇಡುತ್ತಿದ್ದರು, ಈಗ ಸಿಸ್ಟಿಕೋಲಿಡೇ ಎಂಬ ಪ್ರತ್ಯೇಕ ಕುಟುಂಬದಲ್ಲಿ ಇಟ್ಟಿದ್ದಾರೆ. ಮೊಟ್ಟೆ ನೋಡಿದರೆ ಸಂಶಯವೇ ಉಳಿಯುವುದಿಲ್ಲ. ಪ್ರಿನಿಯಾದ ಮೊಟ್ಟೆ ಇಟ್ಟಿಗೆಗೆಂಪು ಬಣ್ಣದ್ದಾಗಿ ಬಹಳ ಹೊಳೆಯುತ್ತದೆ. ಸಿಂಪಿಗನದು ತಿಳಿನೀಲಿ ಅಥವಾ ತಿಳಿಗೆಂಪು ಛಾಯೆಯ ಬಿಳಿ, ಅದರ ಮೇಲೆ ಕಂದುಗೆಂಪು ಚುಕ್ಕೆಗಳಿರುತ್ತವೆ.

ಹೀಗೆಂದು ಯಾರೂ ಎಲೆಯ ಬಾಯಿ ಅಗಲಿಸಿ ಇಣುಕಬಾರದು. ಹಕ್ಕಿಯನ್ನು ನೋಡಿಯೇ ಗುರುತಿಸಬಹುದು. ತಲೆಯ ಮೇಲೆ ತುಕ್ಕುಗೆಂಪು ಟೋಪಿ, ಬೆನ್ನು ಹಳದಿಮಿಶ್ರಿತ ಹಸಿರು, ಹೊಟ್ಟೆ ಕೆನೆಬಿಳಿ ಇದ್ದರೆ ಸಿಂಪಿಗ. ಬೆನ್ನು ಬೂದುಬಣ್ಣವಾಗಿ, ಹೊಟ್ಟೆ ಕೆಂಪುಗಂದಾಗಿದ್ದು, ಹಾರುವಾಗ ಚಟಚಟ ಸದ್ದು ಕೇಳಿಸಿದರೆ ಪ್ರಿನಿಯಾ. ಬಾಲವನ್ನು ನೆಟ್ಟಗೆ ಎತ್ತುವುದು ಎರಡರದೂ ರೂಢಿಯಾದ್ದರಿಂದ ಅದನ್ನು ಗುರುತಾಗಿ ಹಿಡಿಯಬೇಡಿ.

ಬೆಟಗೇರಿ ಶಿಕ್ಷಕಿ (ಗದಗ):

ಈ ಚರ್ಚೆ ಒಳ್ಳೆಯ ಸಮಯಕ್ಕೆ ಬಂತು. ಪ್ರತಿವರ್ಷ ಮಕ್ಕಳು ನನ್ನನ್ನು ಕೇಳುವ ಒಂದು ಪ್ರಶ್ನೆಯಿದೆ: ಕೈಯಿಲ್ಲದ ಹಕ್ಕಿ ದಾರದ ತುದಿಗೆ ಗಂಟು ಹೇಗೆ ಹಾಕುತ್ತದೆ? ಗಂಟು ಹಾಕುತ್ತದೆಂದು ಹಲವು ಕಡೆ ಓದಿದ್ದೇನೆ, ಹಾಕುವುದಿಲ್ಲವೆಂದೂ ಓದಿದ್ದೇನೆ. ಮಕ್ಕಳಿಗೆ ಸರಿಯಾದುದನ್ನೇ ಹೇಳಬೇಕೆಂಬ ಆಸೆ. ಬಲ್ಲವರು ವಿವರವಾಗಿ ಬರೆದರೆ ಉಪಕಾರವಾಗುತ್ತದೆ.

ಉಣಕಲ್ ದಂಡೆ (ಹುಬ್ಬಳ್ಳಿ):

ಗಂಟು ಇರುವುದಿಲ್ಲ. ಗಂಟಿನ ಮಾತು ಹತ್ತೊಂಬತ್ತನೆಯ ಶತಮಾನದಿಂದ ಬಂದದ್ದು. ಭಾರತದ ಪಕ್ಷಿಗಳ ಬಗ್ಗೆ ಮೊದಮೊದಲು ವಿಸ್ತಾರವಾಗಿ ಬರೆದವರಲ್ಲಿ ಒಬ್ಬರಾದ ಜೆರ್ಡನ್ ಅವರು ಈ ಹಕ್ಕಿ ಗಂಟು ಹಾಕುತ್ತದೆಂದು ಬರೆದರು, ಅದು ಕೈಯಿಂದ ಕೈಗೆ ದಾಟುತ್ತ ಬಂದಿತು. ಮುಂದೆ ಕೇಸಿ ವುಡ್ ಎಂಬುವರು ಶ್ರೀಲಂಕಾದಲ್ಲಿ ಗೂಡುಗಳನ್ನು ಬಿಡಿಸಿ ಪರೀಕ್ಷಿಸಿ, ಹಕ್ಕಿಯ ಕೆಲಸದಲ್ಲಿ ಹೊಲಿಯುವುದು, ರಿವೆಟ್ ಹೊಡೆಯುವುದು, ಲೇಸಿನಂತೆ ಎಳೆ ಹಾಯಿಸುವುದು, ಮೆತ್ತೆಗಟ್ಟುವುದು ಎಂಬ ನಾಲ್ಕು ಬಗೆಗಳನ್ನು ಗುರುತಿಸಿದರು.

ನಡೆಯುವುದು ಹೀಗೆ. ಹಕ್ಕಿ ಎರಡು ಅಂಚುಗಳನ್ನು ಹತ್ತಿರ ತಂದು ಕೊಕ್ಕಿನಿಂದ ಚುಚ್ಚಿ, ಅರಳೆಯ ಅಥವಾ ಜೇಡರ ನೂಲಿನ ಒಂದು ಎಳೆಯನ್ನು ಆ ತೂತಿನೊಳಗೆ ತೂರಿಸಿ ಎಳೆಯುತ್ತದೆ. ತೂತು ಬಿಗಿ, ಎಳೆ ನಯವಿಲ್ಲದ್ದು. ಆಚೆ ಬಂದ ತುದಿ ತಾನಾಗಿಯೇ ಬಿಚ್ಚಿ ಅರಳಿಕೊಳ್ಳುತ್ತದೆ. ಹಾಗೆ ಅರಳಿದ ತುದಿ ತೂತಿಗಿಂತ ದಪ್ಪವಾಗುವುದರಿಂದ ಹಿಂದಕ್ಕೆ ಜಾರುವುದಿಲ್ಲ. ನಮ್ಮ ಕಡೆಯ ಅಜ್ಜಿಯರು ಹೊಲಿಯುವ ಕೌದಿಯಲ್ಲಿ ಒಂದೇ ದಾರ ಸಾಲಾಗಿ ಓಡುತ್ತ ಹೋಗುತ್ತದೆ, ಒಂದು ಕಡೆ ಹರಿದರೆ ಸಾಲೇ ಸಡಿಲವಾಗುತ್ತದೆ. ಸಿಂಪಿಗನ ಹೊಲಿಗೆಯಲ್ಲಿ ಬಹುಪಾಲು ಒಂದೊಂದು ತೂತಿಗೆ ಒಂದೊಂದು ಬಿಡಿ ಎಳೆ ಇರುವುದರಿಂದ ಒಂದು ಕಿತ್ತರೂ ಉಳಿದವು ಹಿಡಿದುಕೊಂಡಿರುತ್ತವೆ. ಕೆಲವೊಮ್ಮೆ ಒಂದು ತೂತಿನ ಎಳೆ ಪಕ್ಕದ ತೂತಿಗೂ ಹಾಯ್ದಿರುತ್ತದೆ, ಆಗ ಮಾತ್ರ ಅದು ನೋಡುವುದಕ್ಕೆ ನಮ್ಮ ಹೊಲಿಗೆಯನ್ನು ಹೋಲುತ್ತದೆ. ಮೊದಲ ಬರಹದಲ್ಲಿ ಅಂಚಿನ ಮೇಲೆ ಕಂಡ ಬಿಳಿ ಉಂಡೆಗಳೆಂದು ಹೇಳಿದ್ದು ಹೀಗೆ ಅರಳಿದ ತುದಿಗಳನ್ನೇ.

ಜೇಡರ ನೂಲಿನ ಬಗ್ಗೆ ಒಂದು ಮಾತು. ಅದು ಅಂಟುತ್ತದೆ, ಎಳೆದರೆ ಹಿಗ್ಗುತ್ತದೆ. ಎಲೆ ದಿನದಿನಕ್ಕೆ ಬೆಳೆಯುತ್ತದೆ, ಒಳಗೆ ಮರಿಗಳೂ ಬೆಳೆಯುತ್ತವೆ. ಕದಲದ ಬಿಗಿ ದಾರಕ್ಕಿಂತ ಹಿಗ್ಗುವ ನೂಲು ಇಂಥ ಗೋಡೆಗೆ ಹೆಚ್ಚು ಹೊಂದುತ್ತದೆಂದು ನನ್ನ ಅಭಿಪ್ರಾಯ. ಆದ್ದರಿಂದ ಮನೆಯ ಸುತ್ತಲಿನ ಪೊದೆಗಳಲ್ಲಿರುವ ಜೇಡರ ಬಲೆಗಳನ್ನು ಸ್ವಚ್ಛತೆಯ ಹೆಸರಿನಲ್ಲಿ ಪೂರ್ತಿಯಾಗಿ ಬಳಿದು ತೆಗೆಯಬೇಡಿ. ಗೋಡೆ, ಸೂರು ಸ್ವಚ್ಛವಾಗಿರಲಿ, ಗಿಡದ ಬಲೆ ಗಿಡದಲ್ಲೇ ಇರಲಿ.

ಎರೆಹೊಲ (ಹಾವೇರಿ ಜಿಲ್ಲೆ):

ನಾನು ಹತ್ತಿ ಮತ್ತು ಮೆಣಸಿನಕಾಯಿ ಬೆಳೆಯುವವನು. ಈ ಹಕ್ಕಿಗೆ ಅರಳೆ ಎಲ್ಲಿಂದ ಸಿಗುತ್ತದೆಂಬುದನ್ನು ಹೊಲದ ಕಡೆಯಿಂದ ಹೇಳಬಹುದು. ನಮ್ಮಲ್ಲಿ ಹತ್ತಿ ಬಿಡಿಸುವುದು ಚಳಿಗಾಲದಲ್ಲಿ. ಸಿಂಪಿಗನ ಸಂತಾನದ ಕಾಲ ಮಾರ್ಚ್‌ನಿಂದ ಡಿಸೆಂಬರ್‌ವರೆಗೆ ಹರಡಿದ್ದರೂ ಅದರ ಭರ ಜೂನ್‌ನಿಂದ ಆಗಸ್ಟ್‌ವರೆಗೆ. ಅಂದರೆ ಹೊಲದಲ್ಲಿ ಅರಳೆ ತುಂಬಿರುವಾಗ ಅದಕ್ಕೆ ಅಷ್ಟಾಗಿ ಬೇಕಾಗುವುದಿಲ್ಲ, ಅದಕ್ಕೆ ಬೇಕಾದಾಗ ಹೊಲ ಬರಿದಾಗಿರುತ್ತದೆ. ಆದರೂ ಕೊರತೆಯಾಗುವುದಿಲ್ಲ. ಒಲೆಗೆಂದು ಒಟ್ಟಿದ ಹತ್ತಿಕಟ್ಟಿಗೆಯಲ್ಲಿ ಒಣ ಕಾಯಿಗಳು ಉಳಿದಿರುತ್ತವೆ, ಮಾರುಕಟ್ಟೆಗೆ ಹೋಗುವ ಟ್ರ್ಯಾಕ್ಟರಿನಿಂದ ಹಾರಿದ ಅರಳೆ ದಾರಿಯ ಜಾಲಿಮುಳ್ಳಿಗೆ ಸಿಕ್ಕಿಕೊಂಡು ತಿಂಗಳುಗಟ್ಟಲೆ ಇರುತ್ತದೆ. ಬೇಸಿಗೆಯಲ್ಲಿ ಬೂರುಗದ ಕಾಯಿಗಳೂ ಎಕ್ಕೆಯ ಕಾಯಿಗಳೂ ಒಡೆದು ರೇಷ್ಮೆಯಂಥ ತುಪ್ಪಳು ಹಾರುತ್ತದೆ. ಶ್ರೀಲಂಕಾದ ಗೂಡಿನಲ್ಲಿಯೂ ಬೂರುಗದ ಅರಳೆಯೇ ಸಿಕ್ಕಿತ್ತೆಂದು ಓದಿದ್ದೇನೆ.

ಧಾರವಾಡದ ಹೆಸರು ಹತ್ತಿಯೊಂದಿಗೆ ಬೆಸೆದುಕೊಂಡಿದೆ. ಹತ್ತಿಯ ತಳಿವಿಜ್ಞಾನಿ ಡಾ. ಕಟರಕಿಯವರು 1972ರಲ್ಲಿ ವರಲಕ್ಷ್ಮಿ ಎಂಬ ಮಿಶ್ರತಳಿಯನ್ನು ಹೊರತಂದದ್ದು ಇದೇ ಧಾರವಾಡದಿಂದ. ಜಯಧರ ಎಂಬ ಗಿಡ್ಡೆಳೆಯ ಹತ್ತಿಯನ್ನು ನಮ್ಮ ಹಿರಿಯರು ಈ ಎರೆಭೂಮಿಯಲ್ಲಿ ಮಳೆಯಾಶ್ರಯದಲ್ಲೇ ಬೆಳೆಯುತ್ತಿದ್ದರು. ಈಗ ನಮ್ಮ ಸುತ್ತಮುತ್ತ ಬಹಳಷ್ಟು ಹೊಲಗಳು ಗೋವಿನಜೋಳಕ್ಕೆ ತಿರುಗಿವೆ. ಹಕ್ಕಿಗೆ ಇದರಿಂದ ಅರಳೆಯ ತೊಂದರೆ ಆಗಲಾರದು, ಆದರೆ ಬದುವಿನ ಎಕ್ಕೆ, ಬೂರುಗಗಳನ್ನು ಕಡಿದು ಬದುವನ್ನೇ ಬೋಳಿಸುವುದರಿಂದ ತೊಂದರೆ ಆಗುತ್ತದೆ.

ಇನ್ನೊಂದು ಸಂಗತಿ ನನಗೆ ಹೆಚ್ಚು ಮುಖ್ಯವೆನಿಸುತ್ತದೆ. ಮನೆಯ ಹಿಂದಿನ ಬದನೆಯ ಸಾಲಿನಲ್ಲಿ ಇದು ಗೂಡು ಮಾಡುವುದನ್ನು ಹಲವು ಸಲ ಕಂಡಿದ್ದೇನೆ. ಬದನೆಯ ಎಲೆ ಅಗಲವಾಗಿದ್ದು ಮೆತ್ತಗಿರುತ್ತದೆ. ಅದೇ ಸಾಲಿಗೆ ಕಾಯಿಕೊರಕಕ್ಕೆಂದು ಔಷಧಿ ಹೊಡೆದರೆ, ಮರಿಗಳಿಗೆ ಗುಟುಕಾಗಬೇಕಾದ ಹುಳುಗಳಲ್ಲಿಯೇ ವಿಷ ಸೇರುತ್ತದೆ. ಗೂಡು ಕಂಡರೆ ಆ ಸಾಲನ್ನೂ ಅದರ ಅಕ್ಕಪಕ್ಕದ ಸಾಲುಗಳನ್ನೂ ಬಿಟ್ಟುಬಿಡುತ್ತೇನೆ. ಆ ಜೋಡಿ ದಿನವಿಡೀ ಎಲೆಯಡಿಯ ಹುಳುಗಳನ್ನು ಆರಿಸಿಕೊಂಡು ಹೋಗುವುದನ್ನು ನೋಡಿದವರಿಗೆ ಅದು ನಷ್ಟವೆನಿಸುವುದಿಲ್ಲ.

ಬೆಟಗೇರಿ ಶಿಕ್ಷಕಿ (ಗದಗ):

ವಿವರಗಳಿಗಾಗಿ ಇಬ್ಬರಿಗೂ ಧನ್ಯವಾದಗಳು. ನಮ್ಮ ಬೆಟಗೇರಿ ನೇಕಾರರ ಊರು. ಮಗ್ಗದ ಮನೆಗಳ ಹೊರಗೆ ತುಂಡು ನೂಲು ಬಿದ್ದಿರುತ್ತದೆ. ಮಕ್ಕಳು ಅದನ್ನು ಹಕ್ಕಿಗಾಗಿ ಗಿಡಕ್ಕೆ ಸಿಕ್ಕಿಸಿಡುತ್ತಾರೆ. ಇದು ಸರಿಯೇ? ಹಾಗೆ ಇಟ್ಟ ಅರಳೆಯನ್ನು ಸಿಂಪಿಗ ತೆಗೆದುಕೊಳ್ಳುತ್ತದೆಯೇ?

ಕೇಶ್ವಾಪುರದ ಓದುಗ (ಹುಬ್ಬಳ್ಳಿ):

ಹಿಂದಿನವರ ಅನುಭವಗಳು ಬೇರೆಬೇರೆಯಾಗಿವೆ. ಒಬ್ಬ ವೀಕ್ಷಕರು ಅರಳೆ ಇಟ್ಟಾಗ ಹಕ್ಕಿಗಳು ಮುಟ್ಟಲಿಲ್ಲ. ಎಡ್ವರ್ಡ್ ಹ್ಯಾಮಿಲ್ಟನ್ ಐಟ್ಕನ್ ಅವರು ಇಟ್ಟ ಅರಳೆಯನ್ನು ಹಕ್ಕಿಗಳು ಬಳಸಿಕೊಂಡವು. ಈ ಐಟ್ಕನ್ ನಮ್ಮ ನೆರೆಯ ಉತ್ತರ ಕನ್ನಡದಲ್ಲಿ ಅಧಿಕಾರಿಯಾಗಿದ್ದು, ಅಲ್ಲಿನ ಹಕ್ಕಿ, ಕೀಟಗಳ ಬಗ್ಗೆ ಪ್ರೀತಿಯಿಂದ ಬರೆದವರು. 1883ರಲ್ಲಿ ಮುಂಬಯಿಯಲ್ಲಿ ಆರಂಭವಾದ ನಿಸರ್ಗ ಇತಿಹಾಸ ಸಂಘದ ಸ್ಥಾಪಕರಲ್ಲಿ ಒಬ್ಬರು.

ಮಕ್ಕಳಿಗೆ ಬೀಜ ತೆಗೆದ ಬರಿಯ ಹತ್ತಿಯನ್ನು ಇಡಲು ಹೇಳಿ. ಪಾಲಿಯೆಸ್ಟರ್, ನೈಲಾನ್ ಅಥವಾ ಉದ್ದನೆಯ ಯಾವುದೇ ನೂಲು ಬೇಡವೇ ಬೇಡ. ಅದು ಹರಿಯುವುದಿಲ್ಲ, ಕೊಳೆಯುವುದೂ ಇಲ್ಲ. ಮರಿಯ ಕಾಲಿಗೆ ಸುತ್ತಿಕೊಂಡರೆ ಬಿಡಿಸುವವರಿಲ್ಲದೆ ಅದು ಅಲ್ಲಿಯೇ ಸಾಯುತ್ತದೆ. ನೂಲಿಗಿಂತ ಶಾಲೆಯ ಬೇಲಿಯಲ್ಲಿ ಒಂದೆರಡು ಎಕ್ಕೆಯ ಗಿಡಗಳನ್ನು ಉಳಿಸಿಕೊಳ್ಳುವುದೇ ಮೇಲು.

ಅಂಗಳದ ಬಾದಾಮಿ (ಧಾರವಾಡ):

ಎಲ್ಲರ ಮಾತುಗಳನ್ನು ಮನೆಯಲ್ಲಿ ಓದಿ ಹೇಳಿದೆ. ಕೇಶ್ವಾಪುರದವರು ಹೇಳಿದ ಗುರುತುಗಳನ್ನು ಹಿಡಿದು, ಕಿಟಕಿಯ ಒಳಗಿನಿಂದಲೇ ಬೆಳಗಿನ ಹೊತ್ತು ನೋಡಿದೆವು. ತಲೆಯ ಮೇಲೆ ತುಕ್ಕುಗೆಂಪು ಸ್ಪಷ್ಟವಾಗಿತ್ತು, ಬೆನ್ನು ಹಸಿರು. ಜೋಡಿಯಲ್ಲಿ ಒಂದರ ಬಾಲದ ನಡುವಿನ ಗರಿಗಳು ಉದ್ದವಾಗಿ ಚೂಪಾಗಿದ್ದವು. ಅದು ಗೇಟಿನ ಮೇಲೆ ಕುಳಿತು ಟುವ್ವಿ ಟುವ್ವಿ ಎಂದು ಕೂಗುವಾಗ ಗಂಟಲಿನ ಎರಡೂ ಬದಿ ಕಪ್ಪಾಗಿ ಕಂಡು, ಕೂಗು ನಿಂತೊಡನೆ ಆ ಕಪ್ಪು ಮರೆಯಾಯಿತು. ಅಷ್ಟು ಸಣ್ಣ ಜೀವಕ್ಕೆ ಅಷ್ಟು ದೊಡ್ಡ ದನಿ ಇರುವುದನ್ನು ಕಂಡು ನಮ್ಮ ತಾಯಿಯವರು ಬಹಳ ಹೊತ್ತು ಅಲ್ಲಿಯೇ ನಿಂತಿದ್ದರು.

ಟೊಂಗೆ ಕತ್ತರಿಸುವುದನ್ನು ಮುಂದಕ್ಕೆ ಹಾಕಿದ್ದೇವೆ. ಗೇಟಿನ ಒಂದೇ ಬಾಗಿಲು ತೆರೆದು ಓಡಾಡುತ್ತೇವೆ. ಗೂಡಿನ ಪಕ್ಕದ ಬೇರೆ ಟೊಂಗೆಗಳನ್ನಾದರೂ ತೆಗೆಯಬಹುದೇ ಎಂದು ಮಾಲಿ ಕೇಳುತ್ತಿದ್ದಾರೆ.

ಉಣಕಲ್ ದಂಡೆ (ಹುಬ್ಬಳ್ಳಿ):

ನೀವು ಕಂಡದ್ದು ಸಿಂಪಿಗನೇ, ಉದ್ದ ಬಾಲದ್ದು ಗಂಡು. ಗಂಟಲಿನ ಕಪ್ಪು ಗರಿಯ ಬಣ್ಣವಲ್ಲ, ಗರಿಗಳ ಕೆಳಗಿನ ಚರ್ಮದ್ದು. ಕೂಗುವಾಗ ಕತ್ತು ಉಬ್ಬಿ ಗರಿಗಳು ಬೇರ್ಪಟ್ಟಾಗ ಮಾತ್ರ ಕಾಣುತ್ತದೆ.

ಪಕ್ಕದ ಟೊಂಗೆಗಳನ್ನು ಈಗ ತೆಗೆಯಬೇಡಿ. ಗೂಡಿನ ಮೇಲಿನ ಎಲೆಗಳು ನೆರಳನ್ನು ಕೊಡುತ್ತವೆ, ಮಳೆಯ ಹೊಡೆತವನ್ನು ತಡೆಯುತ್ತವೆ, ಎಲ್ಲಕ್ಕಿಂತ ಹೆಚ್ಚಾಗಿ ಮರೆಮಾಡುತ್ತವೆ. ಹೊಲಿದ ಎಲೆ ಮರೆಯಾಗುವುದು ಸುತ್ತ ಅಂಥವೇ ಎಲೆಗಳಿದ್ದಾಗ ಮಾತ್ರ. ಗಿಡದ ಇನ್ನೊಂದು ಬದಿಯನ್ನು ಸವರಬಹುದು, ಅದೂ ಗದ್ದಲವಿಲ್ಲದೆ, ಸ್ವಲ್ಪ ಹೊತ್ತಿನಲ್ಲಿ ಮುಗಿಯುವಂತೆ.

ಮಲ್ಲಿಗೆ ಚಪ್ಪರ (ಧಾರವಾಡ):

ನಾನು ನರ್ಸರಿ ನಡೆಸುವವಳು. ಒಂದು ಪ್ರಾಯೋಗಿಕ ತೊಡಕನ್ನು ಮುಂದಿಡಬೇಕು. ಮಾರ್ಚ್‌ನಿಂದ ಡಿಸೆಂಬರ್‌ವರೆಗೆ ಗೂಡಿನ ಕಾಲವೆಂದರೆ ವರ್ಷದಲ್ಲಿ ಕತ್ತರಿ ಆಡಿಸಲು ಉಳಿಯುವುದು ಎರಡೇ ತಿಂಗಳು. ಜನವರಿ, ಫೆಬ್ರವರಿಯಲ್ಲಿ ದೊಡ್ಡ ಸವರುವಿಕೆಯನ್ನು ಮುಗಿಸಿಕೊಳ್ಳುವುದು ಸಾಧ್ಯವಿದೆ, ಮಲ್ಲಿಗೆಯನ್ನು ಹೇಗೂ ಆ ಸುಮಾರಿಗೇ ಸವರುತ್ತೇವೆ. ಆದರೆ ಡ್ಯುರಾಂಟಾ ಗಿಡ, ದಾಸವಾಳಗಳ ಬೇಲಿ ಮಳೆಗಾಲದಲ್ಲಿ ಬಿಟ್ಟರೆ ರಸ್ತೆಗೇ ಬರುತ್ತದೆ, ವಾಹನ ಓಡಿಸುವವರಿಗೆ ತಿರುವು ಕಾಣಿಸುವುದಿಲ್ಲ. ಎಲ್ಲರಿಗೂ ಮುಟ್ಟಬೇಡಿ ಎಂದಷ್ಟೇ ಹೇಳಿದರೆ ಯಾರೂ ಪಾಲಿಸಲಾರರು.

ನಮ್ಮಲ್ಲಿ ರೂಢಿಸಿಕೊಂಡ ಕ್ರಮ ಹೀಗಿದೆ. ಬೇಲಿಗೆ ಕತ್ತರಿ ಹಾಕುವ ಮುನ್ನ ಕೆಲಸದವರಲ್ಲಿ ಒಬ್ಬರು ನೆಲದಿಂದ ಎದೆಯೆತ್ತರದವರೆಗೆ ನಿಧಾನವಾಗಿ ನೋಡುತ್ತ ಹೋಗುತ್ತಾರೆ, ಏಕೆಂದರೆ ಇದರ ಗೂಡು ಹೆಚ್ಚಾಗಿ ಅಷ್ಟು ತಗ್ಗಿನಲ್ಲಿಯೇ ಇರುತ್ತದೆ. ಕೂಡಿಸಿದ ಎಲೆ ಕಂಡರೆ ಆ ಜಾಗದ ಎರಡೂ ಬದಿ ಒಂದೊಂದು ಮಾರು ಬಿಟ್ಟು ಉಳಿದದ್ದನ್ನು ಸವರುತ್ತಾರೆ. ಎಲೆ ಕೂಡಿದ್ದರೂ ಅದರ ಮೇಲೆ ಕಾಗದದಂಥ ಬಿಳಿ ಪೊರೆ ಇದ್ದು ಇರುವೆಗಳು ಓಡಾಡುತ್ತಿದ್ದರೆ ಅದು ಚಗಳಿ ಇರುವೆಯ ಗೂಡು. ಅವು ತಮ್ಮ ಮರಿಹುಳುಗಳ ಬಾಯಿಯಿಂದ ಬರುವ ರೇಷ್ಮೆಯಿಂದ ಎಲೆಗಳನ್ನು ಅಂಟಿಸುತ್ತವೆ. ಅರಳೆಯ ಬಿಡಿಬಿಡಿ ಚುಕ್ಕೆಗಳಿದ್ದರೆ ಮಾತ್ರ ಹಕ್ಕಿಯದು. ಈ ವ್ಯತ್ಯಾಸವನ್ನು ಕೆಲಸಗಾರರು ಬೇಗ ಕಲಿತುಕೊಂಡಿದ್ದಾರೆ. ಈ ವಿಷಯದಲ್ಲಿ ಅವರ ಕಣ್ಣು ನನ್ನ ಕಣ್ಣಿಗಿಂತ ಚುರುಕಾಗಿದೆ.

ಕೇಶ್ವಾಪುರದ ಓದುಗ (ಹುಬ್ಬಳ್ಳಿ):

ಈ ಕ್ರಮ ಎಲ್ಲ ಬಡಾವಣೆಗಳಿಗೂ ಹೊಂದುವಂಥದು. ಇದರೊಂದಿಗೆ ಮೊಬೈಲಿನ ವಿಷಯವನ್ನೂ ಸೇರಿಸಬೇಕಾಗಿದೆ. ಗೂಡು ಸಿಕ್ಕಿದ ಕೂಡಲೇ ಎಲೆಗಳನ್ನು ಸರಿಸಿ, ಬಾಯಿಗೆ ಕ್ಯಾಮೆರಾ ಹಿಡಿದು, ಜಾಗದ ಹೆಸರಿನೊಂದಿಗೆ ಚಿತ್ರ ಹಾಕುವುದನ್ನು ಕಂಡು ಬಹಳ ನೋವಾಗುತ್ತದೆ. ಇಲಿ, ಬೆಕ್ಕು, ಕೆಂಬೂತ, ಓತಿಕ್ಯಾತಗಳಿಂದ ಮೊದಲೇ ಅನೇಕ ಗೂಡುಗಳು ಹಾಳಾಗುತ್ತವೆ. ಸರಿಸಿದ ಎಲೆ ಪುನಃ ಮೊದಲಿನಂತೆ ಮುಚ್ಚಿಕೊಳ್ಳುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯು ಬೇಟೆ ಎಂಬುದಕ್ಕೆ ಕೊಟ್ಟ ವ್ಯಾಖ್ಯೆಯಲ್ಲಿ ಕಾಡುಹಕ್ಕಿಗಳ ಮೊಟ್ಟೆಗಳಿಗೆ ಹಾನಿ ಮಾಡುವುದೂ ಅವುಗಳ ಮೊಟ್ಟೆ, ಗೂಡುಗಳಿಗೆ ತೊಂದರೆ ಕೊಡುವುದೂ ಸೇರಿವೆ ಎಂಬುದು ಬಹಳ ಜನರಿಗೆ ತಿಳಿದಿಲ್ಲ.

ಮಳೆಗಾಲದಲ್ಲಿ ಬೂದುಹೊಟ್ಟೆಯ ಕೋಗಿಲೆಯ ಕೂಗು ಕೇಳಿಬಂದರೆ, ಅದೂ ಈ ಗೂಡುಗಳನ್ನು ಹುಡುಕುತ್ತಿದೆಯೆಂದು ತಿಳಿಯಿರಿ. ಸಿಂಪಿಗನ ಮತ್ತು ಪ್ರಿನಿಯಾದ ಗೂಡುಗಳಲ್ಲಿ ಅದು ಮೊಟ್ಟೆಯಿಡುತ್ತದೆ. ತನಗಿಂತ ದೊಡ್ಡ ಮರಿಗೆ ಸಿಂಪಿಗ ಗುಟುಕು ಕೊಡುವುದು ಕಂಡರೆ ಯಾರೂ ನಡುವೆ ಪ್ರವೇಶಿಸಬಾರದು. ಆ ಕೋಗಿಲೆಯೂ ನಮ್ಮ ನಾಡಿನ ಹಕ್ಕಿಯೇ.

ಎರೆಹೊಲ (ಹಾವೇರಿ ಜಿಲ್ಲೆ):

ಒಂದು ಸಂದೇಹ. ಮರಿ ಹಾರಿಹೋದ ಗೂಡನ್ನೇ ಅದು ಮತ್ತೆ ಬಳಸುತ್ತದೆಯೇ, ಅಥವಾ ಹೊಸ ಎಲೆ ಹುಡುಕುತ್ತದೆಯೇ? ನಮ್ಮ ಬದನೆಯ ಸಾಲಿನಲ್ಲಿ ಹಳೆಯದರ ಹತ್ತಿರವೇ ಇನ್ನೊಂದು ಕಂಡಿತ್ತು.

ಉಣಕಲ್ ದಂಡೆ (ಹುಬ್ಬಳ್ಳಿ):

ನಾನು ನೋಡಿರುವ ಮಟ್ಟಿಗೆ ಹೊಸ ಎಲೆಯನ್ನೇ ಹುಡುಕುತ್ತದೆ. ಅದಕ್ಕೆ ಕಾರಣವೂ ಎಲೆಯಲ್ಲೇ ಇದೆ. ಮರಿಗಳ ಭಾರ ಹೊತ್ತ ಎಲೆ ಅಷ್ಟರಲ್ಲಿ ಬಲಿತು, ಅಂಚು ಜಗ್ಗಿ ಸಡಿಲವಾಗಿರುತ್ತದೆ. ಆದರೆ ಮೊದಲ ಗೂಡು ಹಾಳಾದರೆ ಅದೇ ಪೊದೆಯಲ್ಲಿ ಮತ್ತೆ ಪ್ರಯತ್ನಿಸುವುದುಂಟು. ಆದ್ದರಿಂದ ಬಾದಾಮಿ ಗಿಡದ ಮನೆಯವರು ಟೊಂಗೆ ತೆಗೆಯುವ ದಿನ ಇಡೀ ಗಿಡವನ್ನು ಇನ್ನೊಮ್ಮೆ ನೋಡಿ, ಎರಡನೆಯ ಎಲೆ ಹೊಲಿದಿಲ್ಲವೆಂದು ಖಚಿತಪಡಿಸಿಕೊಂಡೇ ಕತ್ತರಿ ಹಾಕಲಿ.

ಬೆಟಗೇರಿ ಶಿಕ್ಷಕಿ (ಗದಗ):

ಗಂಟಿನ ಪ್ರಶ್ನೆಗೆ ಮಕ್ಕಳು ತಾವೇ ಉತ್ತರ ಕಂಡುಕೊಂಡರು. ಶಾಲೆಯ ಹಿಂದಿನ ಸಾಗವಾನಿ ಸಸಿಯಿಂದ ಒಣಗಿ ಉದುರಿದ ಎಲೆಯೊಂದು ಕಳೆದ ವರ್ಷದ ಗೂಡಿನ ಸಮೇತ ಕಸದಲ್ಲಿ ಸಿಕ್ಕಿತು. ಭೂತಗನ್ನಡಿ ಹಿಡಿದು ಅಂಚನ್ನು ಪರೀಕ್ಷಿಸಿದೆವು. ಪ್ರತಿ ತೂತಿನ ಒಳಬದಿಯಲ್ಲಿ ಎಳೆ ಬಿಗಿಯಾಗಿ ಹುರಿಗೊಂಡಿತ್ತು, ಹೊರಬದಿಯಲ್ಲಿ ಅದೇ ಎಳೆ ಬಿಚ್ಚಿ ಉಬ್ಬಿತ್ತು. ಗಂಟು ಎಲ್ಲಿಯೂ ಇರಲಿಲ್ಲ. ಚಿಮಟದಿಂದ ಒಳಬದಿಯಿಂದ ಎಳೆದಾಗ ಎಳೆ ಬರಲಿಲ್ಲ, ಒಣಗಿದ ಎಲೆಯೇ ಹರಿಯಿತು. ಹೊರಗಿನ ಉಬ್ಬನ್ನು ನೀರಿನಿಂದ ಒದ್ದೆಮಾಡಿ ಬೆರಳಿನಿಂದ ಹೊಸೆದು ತೆಳ್ಳಗೆ ಮಾಡಿದ ಮೇಲೆ ಅದೇ ಎಳೆ ಸಲೀಸಾಗಿ ಜಾರಿ ಹೊರಬಂತು.

ಒಳಗಿನ ಮೆತ್ತೆಯಲ್ಲಿ ತೆಂಗಿನ ನಾರು, ಯಾವುದೋ ಪ್ರಾಣಿಯ ಕೂದಲು, ಎಕ್ಕೆಯ ತುಪ್ಪಳು ಮತ್ತು ನೇಕಾರರ ಓಣಿಯ ಒಂದು ತುಂಡು ಕೆಂಪು ಹತ್ತಿನೂಲು ಇದ್ದವು. ನೂಲಿನ ತುಂಡು ಬೆರಳಿನ ಒಂದು ಗೆಣ್ಣಿಗಿಂತ ಉದ್ದವಿರಲಿಲ್ಲ. ಈಗ ಮಕ್ಕಳು ಮಗ್ಗದ ಮನೆಗಳಿಗೆ ಹೋಗಿ, ಉದ್ದನೆಯ ನೂಲಿನ ತುಂಡುಗಳನ್ನು ಹೊರಗೆ ಎಸೆಯದೆ ಡಬ್ಬಿಯಲ್ಲಿ ಹಾಕಿಡಬೇಕೆಂದು ಕೇಳಿಕೊಳ್ಳುತ್ತಿದ್ದಾರೆ.